ಗೇಜ್: ಒಂದು ಪದ, ಹಲವು ಕಸುಬು

'ಗೇಜ್' ಎಂಬ ಇಂಗ್ಲಿಷ್ ಪದ ಕನ್ನಡಕ್ಕೆ ಎಷ್ಟು ಒಗ್ಗಿಹೋಗಿದೆ ಎಂದರೆ, ಅದು ಪರಭಾಷೆಯದೆಂಬ ನೆನಪೂ ನಮಗೆ ಬರುವುದಿಲ್ಲ. 'ನಮ್ಮೂರಿಗೆ ಬ್ರಾಡ್‌ಗೇಜ್ ಬಂತು' ಎನ್ನುವವರಿಗೆ ಅದು ರೈಲು ಹಳಿ. ಮೋಟಾರು ವೈಂಡಿಂಗ್ ಮಾಡುವವರು 'ಇಪ್ಪತ್ತೆರಡು ಗೇಜ್ ತಂತಿ' ಕೇಳುತ್ತಾರೆ. ಪಾತ್ರೆ ಅಂಗಡಿಯವರು 'ಒಳ್ಳೆ ಗೇಜ್ ಇದೆ ನೋಡಿ' ಎಂದು ಸ್ಟೀಲ್ ಡಬರಿಯನ್ನು ಬೆರಳಲ್ಲಿ ತಟ್ಟಿ ತೋರಿಸುತ್ತಾರೆ. ಆಸ್ಪತ್ರೆಯ ದಾದಿಗೆ ಗೇಜ್ ಎಂದರೆ ಸೂಜಿಯ ಗಾತ್ರ, ಟಯರಿಗೆ ಗಾಳಿ ತುಂಬುವ ಹುಡುಗನಿಗೆ ಒತ್ತಡ ತೋರಿಸುವ ಮುಳ್ಳು. ಇನ್ನು ಕಣ ಭೌತವಿಜ್ಞಾನಿಯನ್ನು ಕೇಳಿದಿರೋ, ಆತ ವಿಶ್ವದ ಮೂಲಬಲಗಳನ್ನೆಲ್ಲ ವಿವರಿಸುವ 'ಗೇಜ್ ಸಿದ್ಧಾಂತ'ದ ಬಗ್ಗೆ ಗಂಟೆಗಟ್ಟಲೆ ಮಾತನಾಡಬಹುದು.

ಇವರೆಲ್ಲ ಹೇಳುತ್ತಿರುವುದು ಒಂದೇ ವಿಷಯವೇ? ವಿಜ್ಞಾನವನ್ನು ಕನ್ನಡಕ್ಕೆ ತರುವವರಿಗೆ ಈ ಪ್ರಶ್ನೆ ಬಹಳ ಮುಖ್ಯ. ಪಾರಿಭಾಷಿಕ ಪದಕೋಶ ತಯಾರಿಸಲು ಕುಳಿತವರು 'ಗೇಜ್ = ಮಾಪಕ' ಎಂದು ಬರೆದು ಮುಂದೆ ಸಾಗಿದರೆ, ಮಳೆಮಾಪಕಕ್ಕೆ ಅದು ಸರಿ, ರೈಲಿಗೆ ತಪ್ಪು, ಸೂಜಿಗೆ ಅನರ್ಥ. ಆದ್ದರಿಂದ ಈ ಪದ ಎಲ್ಲಿಂದ ಹೊರಟು ಎಲ್ಲೆಲ್ಲಿ ತಿರುಗಿತು ಎಂಬುದನ್ನು ಸ್ವಲ್ಪ ನೋಡೋಣ.

ಅದರ ತವರು ಹೆಂಡದ ಪೀಪಾಯಿ. ಉತ್ತರ ಫ್ರಾನ್ಸಿನ ಹಳೆಯ ಆಡುಮಾತಿನಿಂದ ಇಂಗ್ಲಿಷಿಗೆ ಬಂದಾಗ ಇದಕ್ಕಿದ್ದ ಅರ್ಥ 'ಅಳತೆಗೋಲು'. ಪೀಪಾಯಿಯಲ್ಲಿ ಎಷ್ಟು ಮದ್ಯವಿದೆ ಎಂದು ತಿಳಿಯದೆ ಸರ್ಕಾರ ಸುಂಕ ಹಾಕುವಂತಿಲ್ಲ. ಪೀಪಾಯಿಯೋ ಹೊಟ್ಟೆ ಉಬ್ಬಿಸಿಕೊಂಡಿರುವ ಆಕಾರ. ಹಾಗಾಗಿ ಬಿರಡೆಯ ತೂತಿನಲ್ಲಿ ಗೋಲನ್ನು ಇಳಿಸಿ ಅಳೆಯುವ ಸುಂಕದ ಅಧಿಕಾರಿಗಳಿದ್ದರು. ಅವರಿಗೆ 'ಗೇಜರ್' ಎಂದೇ ಹೆಸರು. ಸ್ಕಾಟ್ಲೆಂಡಿನ ಪ್ರಸಿದ್ಧ ಕವಿ ರಾಬರ್ಟ್ ಬರ್ನ್ಸ್ 1789ರಿಂದ ಇದೇ ಇಲಾಖೆಯ ನೌಕರನಾಗಿದ್ದ.

ಈ ಗೋಲಿನ ಕಥೆಯಲ್ಲಿ ಖಗೋಳವಿಜ್ಞಾನಿ ಯೋಹಾನೆಸ್ ಕೆಪ್ಲರ್ ಕೂಡ ಬರುತ್ತಾನೆ. 1613ರಲ್ಲಿ ಆಸ್ಟ್ರಿಯಾದ ಲಿಂಝ್‌ನಲ್ಲಿದ್ದ ಆತ ಎರಡನೆಯ ಮದುವೆಯಾದ. ಮನೆಗೆ ದ್ರಾಕ್ಷಾಮದ್ಯದ ಪೀಪಾಯಿಗಳು ಬಂದವು. ವ್ಯಾಪಾರಿ ಬಂದು, ಪೀಪಾಯಿಯ ನಡುವಿನ ತೂತಿನಿಂದ ಗೋಲನ್ನು ಓರೆಯಾಗಿ ತಳದ ಅಂಚಿಗೆ ಮುಟ್ಟಿಸಿ, ಎಷ್ಟು ಒದ್ದೆಯಾಗಿದೆ ಎಂದು ನೋಡಿ ಇಷ್ಟು ಬೆಲೆ ಎಂದುಬಿಟ್ಟ. ಉದ್ದ ನೋಡಲಿಲ್ಲ, ಅಗಲ ನೋಡಲಿಲ್ಲ. ಒಂದೇ ಓರೆ ಅಳತೆಯಿಂದ ಘನ ಅಳತೆ ತಿಳಿಯುವುದು ಹೇಗೆ ಎಂದು ಕೆಪ್ಲರನಿಗೆ ಅನುಮಾನ ಬಂತು. 1615ರಲ್ಲಿ ಆತ ಈ ಬಗ್ಗೆ ಒಂದು ಪುಸ್ತಕವನ್ನೇ ಪ್ರಕಟಿಸಿದ.

ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಪೀಪಾಯಿಯನ್ನು ಸಿಲಿಂಡರ್ ಎಂದೇ ಇಟ್ಟುಕೊಳ್ಳಿ. ಓರೆ ಅಳತೆ ಬದಲಾಗದಂತೆ ಇಟ್ಟು, ಉದ್ದವನ್ನು ಹೆಚ್ಚಿಸುತ್ತ ಹೋದರೆ ಘನ ಅಳತೆ ಮೊದಲು ಏರಿ, ಗರಿಷ್ಠ ಮುಟ್ಟಿ, ಮತ್ತೆ ಇಳಿಯುತ್ತದೆ. ಉದ್ದವು ವ್ಯಾಸದ 1.41 ಪಾಲು ಇದ್ದಾಗ ಗರಿಷ್ಠ. ಆ ಗರಿಷ್ಠದ ಬಳಿ ಉದ್ದದಲ್ಲಿ ಶೇಕಡ 10ರಷ್ಟು ಹೆಚ್ಚುಕಡಿಮೆಯಾದರೂ ಘನ ಅಳತೆ ಬದಲಾಗುವುದು ಶೇಕಡ ಒಂದೂವರೆಯಷ್ಟು ಮಾತ್ರ. ಆಸ್ಟ್ರಿಯಾದ ಪೀಪಾಯಿಗಳ ಆಕಾರ ಈ ಗರಿಷ್ಠದ ಹತ್ತಿರವೇ ಇತ್ತು. ಆದ್ದರಿಂದ ವ್ಯಾಪಾರಿಯ ಗೋಲು ಸುಳ್ಳು ಹೇಳುತ್ತಿರಲಿಲ್ಲ. ಗರಿಷ್ಠದ ಸಮೀಪದಲ್ಲಿ ಬದಲಾವಣೆ ನಗಣ್ಯ ಎಂಬ ಈ ಗ್ರಹಿಕೆಯೇ ಮುಂದೆ ಕಲನಶಾಸ್ತ್ರದ ಒಂದು ಅಡಿಗಲ್ಲಾಯಿತು. ಸುಂಕದ ಗೋಲಿನಿಂದ ಗಣಿತಕ್ಕೆ ಸಂದ ಲಾಭ ಇದು!

ಅಳೆಯುವ ಗೋಲು ಕ್ರಮೇಣ 'ಅಳತೆಯ ನಿಗದಿ' ಎಂಬ ಅರ್ಥಕ್ಕೆ ಜಾರಿತು. ಅಲ್ಲಿಂದ ಮುಂದೆ ಒಂದೊಂದು ಕಸುಬೂ ತನಗೆ ಬೇಕಾದಂತೆ ಪದವನ್ನು ಬಗ್ಗಿಸಿಕೊಂಡಿತು.

ಎರಡು ಹಳಿಗಳ ನಡುವೆ

ರೈಲಿನಲ್ಲಿ ಗೇಜ್ ಎಂದರೆ ಎರಡು ಹಳಿಗಳ ಒಳಮೈಗಳ ನಡುವಿನ ಅಂತರ. ಜಾರ್ಜ್ ಸ್ಟೀಫನ್‌ಸನ್ ಬಳಸಿದ 4 ಅಡಿ 8½ ಅಂಗುಲ, ಅಂದರೆ 1435 ಮಿಲಿಮೀಟರ್, ಇಂದು ಜಗತ್ತಿನ 'ಸ್ಟ್ಯಾಂಡರ್ಡ್' ಗೇಜ್. ಇಂಗ್ಲೆಂಡಿನಲ್ಲೇ ಅದಕ್ಕೆ ಎದುರಾಳಿಯಿತ್ತು. ಗ್ರೇಟ್ ವೆಸ್ಟರ್ನ್ ರೈಲ್ವೆಯ ಇಂಜಿನಿಯರ್ ಬ್ರೂನೆಲ್ 7 ಅಡಿ ಅಗಲದ ಹಳಿ ಹಾಕಿದ್ದ. ಎರಡೂ ಸೇರುವ ಗ್ಲಾಸ್ಟರ್ ನಿಲ್ದಾಣದಲ್ಲಿ ಸರಕನ್ನೆಲ್ಲ ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಿತ್ತು. 1845ರಲ್ಲಿ ನೇಮಕವಾದ ಆಯೋಗ ನಡೆಸಿದ ಓಟದ ಪರೀಕ್ಷೆಯಲ್ಲಿ ಗೆದ್ದದ್ದು ಬ್ರೂನೆಲ್‌ನ ಅಗಲ ಹಳಿಯೇ. ಆದರೆ ಆಗಲೇ ಸುಮಾರು 1,900 ಮೈಲಿ ಕಿರಿದಾದ ಹಳಿ ಬಿದ್ದಿತ್ತು, ಅಗಲದ್ದು ಸುಮಾರು 270 ಮೈಲಿ ಮಾತ್ರ. 1846ರ ಕಾಯಿದೆ ಬಹುಮತದ ಕಡೆ ವಾಲಿತು. ಉತ್ತಮವಾದದ್ದೇ ಗೆಲ್ಲಬೇಕೆಂಬ ನಿಯಮ ತಂತ್ರಜ್ಞಾನದಲ್ಲಿ ಇಲ್ಲ. ಬ್ರೂನೆಲ್‌ನ ಕೊನೆಯ ಅಗಲ ಹಳಿ 1892ರ ಮೇ ತಿಂಗಳಲ್ಲಿ ಕಣ್ಮರೆಯಾಯಿತು.

ಈ ಜಗಳವನ್ನು ಕಂಡಿದ್ದ ಬ್ರಿಟಿಷರು ಭಾರತದಲ್ಲಾದರೂ ಒಂದೇ ಗೇಜ್ ಇರಲಿ ಎಂದು ಹೊರಟರು. ಗವರ್ನರ್ ಜನರಲ್ ಡಾಲ್‌ಹೌಸಿ 6 ಅಡಿ ಕೇಳಿದ. ಕಡೆಗೆ ನಿಶ್ಚಯವಾದದ್ದು 5 ಅಡಿ 6 ಅಂಗುಲ, ನಮ್ಮ ಇಂದಿನ ಬ್ರಾಡ್‌ಗೇಜ್. ಈ ಶಿಸ್ತು ಇಪ್ಪತ್ತು ವರ್ಷವೂ ಉಳಿಯಲಿಲ್ಲ. ಅಗಲ ಹಳಿಗೆ ಖರ್ಚು ಹೆಚ್ಚು, ಕಿರಿದಾದರೆ ಹಗುರ ಹಳಿ ಸಾಕು, ತಿರುವುಗಳೂ ಸುಲಭ ಎಂದು 1870ರಲ್ಲಿ ವೈಸರಾಯ್ ಮೇಯೋ ಎರಡನೆಯ ಗೇಜ್ ತಂದ. ಇಲ್ಲಿ ಒಂದು ಸ್ವಾರಸ್ಯವಿದೆ. ಭಾರತಕ್ಕೆ ಮೆಟ್ರಿಕ್ ಪದ್ಧತಿ ಇನ್ನೇನು ಬಂದೇಬಿಡುತ್ತದೆ ಎಂಬ ನಿರೀಕ್ಷೆಯಲ್ಲಿ ಅದರ ಅಗಲವನ್ನು ಸರಿಯಾಗಿ ಒಂದು ಮೀಟರಿಗೆ ನಿಗದಿ ಮಾಡಿದರು. ಮೆಟ್ರಿಕ್ ಮಾತ್ರ ಬರಲಿಲ್ಲ. ಅದಕ್ಕೆ 1956ರ ಕಾಯಿದೆಯವರೆಗೆ ಕಾಯಬೇಕಾಯಿತು. ಬಟ್ಟೆಯನ್ನು ಗಜದಲ್ಲೂ ಧಾನ್ಯವನ್ನು ಸೇರಿನಲ್ಲೂ ಅಳೆಯುತ್ತಿದ್ದ ನಾಡಿನಲ್ಲಿ, ಎಂಬತ್ತಾರು ವರ್ಷ ಕಾಲ ಮೀಟರ್ ಎಂಬುದು ಜನರ ಕಣ್ಣಿಗೆ ಬೀಳುತ್ತಿದ್ದ ಜಾಗ ರೈಲು ಹಳಿ.

ಇದರ ಫಲವನ್ನು ಉಂಡವರಲ್ಲಿ ನಾವೂ ಇದ್ದೇವೆ. ಮದ್ರಾಸಿನ ಕಡೆಯಿಂದ ಬ್ರಾಡ್‌ಗೇಜ್ ಬೆಂಗಳೂರು ದಂಡುಪ್ರದೇಶಕ್ಕೆ 1864ರಲ್ಲಿ ಬಂದು ಅಲ್ಲಿಗೇ ನಿಂತಿತ್ತು. 1876–78ರ ಭೀಕರ ಬರಗಾಲದಲ್ಲಿ ರೈಲು ತಂದ ಧಾನ್ಯ ಅಲ್ಲಿಂದ ಮುಂದೆ ಎತ್ತಿನ ಗಾಡಿಯಲ್ಲೇ ಹೋಗಬೇಕಿತ್ತು. ಮೇವಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. ಆ ಕ್ಷಾಮ ಪರಿಹಾರದ ಕೆಲಸವಾಗಿಯೇ ಬೆಂಗಳೂರು–ಮೈಸೂರು ಮಾರ್ಗದ ಕಾಮಗಾರಿ ಶುರುವಾಗಿ 1882ರ ಹೊತ್ತಿಗೆ ರೈಲು ಮೈಸೂರು ತಲುಪಿತು. ಆದರೆ ಅದು ಮೀಟರ್‌ಗೇಜ್. ಅದರ ಮೇಲೆ ಯಲಹಂಕದಿಂದ ಬಂಗಾರಪೇಟೆಯ ಕಡೆಗೆ ಎರಡೂವರೆ ಅಡಿಯ ಹಳಿ, ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡೇ ಅಡಿಯದು! ಗುಂತಕಲ್, ಬೆಂಗಳೂರು, ಮೀರಜ್‌ಗಳಲ್ಲಿ ಗಾಡಿ ಬದಲಿಸಿದ ನೆನಪು ನನ್ನ ವಯಸ್ಸಿನ ಓದುಗರಿಗೆ ಇದ್ದೀತು. 1992ರಲ್ಲಿ 'ಏಕ ಗೇಜ್' ಯೋಜನೆ ಆರಂಭವಾದ ಮೇಲೆ 'ಗೇಜ್ ಪರಿವರ್ತನೆ' ಎಂಬ ಮಾತು ಪತ್ರಿಕೆಗಳಲ್ಲಿ ದಿನನಿತ್ಯದ್ದಾಯಿತು. ಹಾಸನ–ಮಂಗಳೂರು ಮಾರ್ಗ 1979ರಲ್ಲಷ್ಟೇ ತೆರೆದಿತ್ತು. ಅದನ್ನು 1996ರಲ್ಲಿ ಪರಿವರ್ತನೆಗೆಂದು ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಘಟ್ಟ ಇಳಿದದ್ದು 2007ರ ಡಿಸೆಂಬರಿನಲ್ಲಿ. ಎಲ್ಲ ಮುಗಿಯಿತು ಎನ್ನುವಾಗ 2011ರಲ್ಲಿ ಬೆಂಗಳೂರಿನ 'ನಮ್ಮ ಮೆಟ್ರೊ' ಸ್ಟೀಫನ್‌ಸನ್‌ನ 1435 ಮಿಲಿಮೀಟರಿನೊಂದಿಗೆ ಬಂತು. ಪಕ್ಕದಲ್ಲೇ ಹಾದುಹೋಗುವ ಎರಡು ರೈಲುಗಳಲ್ಲಿ ಒಂದರ ಹಳಿಯ ಮೇಲೆ ಇನ್ನೊಂದು ಓಡಲಾರದು.

ಈ 'ಗೇಜ್ ಪರಿವರ್ತನೆ' ಎಂಬ ಜೋಡುಪದವನ್ನು ನೆನಪಿನಲ್ಲಿಡಿ. ಅದಕ್ಕೆ ಮತ್ತೆ ಬರುತ್ತೇನೆ.

ಸಂಖ್ಯೆ ಏರಿದರೆ ತಂತಿ ಇಳಿಯುತ್ತದೆ

ತಂತಿಯ ಗೇಜ್‌ನಲ್ಲಿ ವಿದ್ಯಾರ್ಥಿಗಳಿಗೆ ಮೊದಲು ಎದುರಾಗುವ ತೊಡಕು, ಸಂಖ್ಯೆ ದೊಡ್ಡದಾದಷ್ಟೂ ತಂತಿ ಸಣ್ಣದಾಗುವುದು. ತಂತಿ ತಯಾರಿಸುವ ಕ್ರಮ ತಿಳಿದರೆ ಇದು ಸಹಜವೆನಿಸುತ್ತದೆ. ಲೋಹದ ಸರಳನ್ನು ಗಟ್ಟಿ ಫಲಕದ ಒಂದು ತೂತಿನಿಂದ ಎಳೆಯುತ್ತಾರೆ, ಮತ್ತೆ ಅದಕ್ಕಿಂತ ಚಿಕ್ಕ ತೂತಿನಿಂದ, ಮತ್ತೂ ಚಿಕ್ಕದರಿಂದ. ಎಷ್ಟು ಸಲ ಎಳೆದರೋ ಅದೇ ಸಂಖ್ಯೆ. ಕೆಲಸಗಾರ ಎಣಿಸಿದ್ದು ತನ್ನ ಶ್ರಮವನ್ನು, ತಂತಿಯ ದಪ್ಪವನ್ನಲ್ಲ. ಪ್ರತಿ ಕಾರ್ಖಾನೆಗೂ ಅದರದೇ ಫಲಕ ಇದ್ದುದರಿಂದ ಗೊಂದಲ ಹೆಚ್ಚಿ, ಬ್ರಿಟನ್ 1884ರಲ್ಲಿ 'ಸ್ಟ್ಯಾಂಡರ್ಡ್ ವೈರ್ ಗೇಜ್' ಅನ್ನು ಕಾನೂನಾಗಿ ಜಾರಿಗೆ ತಂದಿತು. ನಮ್ಮ ಪ್ರಯೋಗಶಾಲೆಗಳಲ್ಲಿ 'ಎಸ್‌ಡಬ್ಲ್ಯುಜಿ' ಎಂದು ಬರೆದಿರುವುದು ಅದೇ. ಅಮೆರಿಕದಲ್ಲಿ ಬ್ರೌನ್ ಮತ್ತು ಶಾರ್ಪ್ ಕಂಪನಿ 1857ರಲ್ಲೇ ಬೇರೊಂದು ಪಟ್ಟಿ ಮಾಡಿತ್ತು. ಅದು ಗಣಿತದ ದೃಷ್ಟಿಯಿಂದ ಹೆಚ್ಚು ಚೆಂದ: ಆರು ಮೆಟ್ಟಿಲು ಏರಿದರೆ ವ್ಯಾಸ ಸರಿಸುಮಾರು ಅರ್ಧವಾಗುತ್ತದೆ.

ಇದು ಬರೀ ಕುತೂಹಲದ ಸಂಗತಿಯಲ್ಲ. ಬ್ರಿಟಿಷ್ ಪಟ್ಟಿಯ 20 ಗೇಜ್ ತಂತಿಯ ವ್ಯಾಸ 0.914 ಮಿಲಿಮೀಟರ್, ಅಮೆರಿಕದ 20 ಗೇಜ್ 0.812. ಅಡ್ಡಕೊಯ್ತದ ಕ್ಷೇತ್ರಫಲದಲ್ಲಿ ಮೊದಲನೆಯದು ಶೇಕಡ 27ರಷ್ಟು ಹೆಚ್ಚು. ಅಮೆರಿಕದ ಪುಸ್ತಕ ನೋಡಿ ಲೆಕ್ಕ ಹಾಕಿ ಇಲ್ಲಿನ ತಂತಿ ಕೊಂಡರೆ ಅಪಾಯವಿಲ್ಲ. ಇಲ್ಲಿನ ಲೆಕ್ಕಕ್ಕೆ ಅಲ್ಲಿನ ತಂತಿ ಹಾಕಿದರೆ ಅದು ಹೆಚ್ಚು ಬಿಸಿಯಾಗುತ್ತದೆ. ಅದಕ್ಕೇ ನಾನು ವಿದ್ಯಾರ್ಥಿಗಳಿಗೆ ಹೇಳುವುದು, ಚೀಟಿಯನ್ನು ನಂಬಬೇಡಿ, ಸ್ಕ್ರೂಗೇಜ್‌ನಲ್ಲಿ ಅಳೆದು ಮಿಲಿಮೀಟರಿನಲ್ಲಿ ಬರೆಯಿರಿ ಎಂದು. ನೋಡಿ, ಇಲ್ಲಿ ಒಂದೇ ವಾಕ್ಯದಲ್ಲಿ ಅಳೆಯುವ ಉಪಕರಣವೂ ಗೇಜ್, ಅಳತೆಗೊಳ್ಳುವ ವಸ್ತುವಿನ ಗಾತ್ರವೂ ಗೇಜ್.

ಆಸ್ಪತ್ರೆಯಲ್ಲಿ ಈ ತಲೆಕೆಳಗಿನ ಎಣಿಕೆಯ ಪರಿಣಾಮ ಇನ್ನೂ ಗಂಭೀರ. ಚುಚ್ಚುಮದ್ದಿನ ಸೂಜಿಯ ಗೇಜ್ ಬಂದಿರುವುದು ಕೂಡ ಹಳೆಯ ಬರ್ಮಿಂಗ್‌ಹ್ಯಾಮ್ ತಂತಿ ಪಟ್ಟಿಯಿಂದಲೇ. ಇನ್ಸುಲಿನ್ ತೆಗೆದುಕೊಳ್ಳುವವರ 31 ಗೇಜ್ ಸೂಜಿ ಕಾಲು ಮಿಲಿಮೀಟರಿನಷ್ಟೇ ದಪ್ಪ. ಅಪಘಾತದಲ್ಲಿ ರಕ್ತ ಕಳೆದುಕೊಂಡವರಿಗೆ ಬೇಕಾದದ್ದು ಚಿಕ್ಕ ಸಂಖ್ಯೆಯ, ಅಂದರೆ ದೊಡ್ಡ ಕೊಳವೆ. ಪ್ವಾಸೈ ನಿಯಮದಂತೆ ಕೊಳವೆಯಲ್ಲಿ ದ್ರವ ಹರಿಯುವ ದರ ಅದರ ತ್ರಿಜ್ಯದ ನಾಲ್ಕನೆಯ ಘಾತವನ್ನು ಅವಲಂಬಿಸುತ್ತದೆ. ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಹಸಿರು ಬಣ್ಣದ 18 ಗೇಜ್ ಕೊಳವೆಯಲ್ಲಿ ನಿಮಿಷಕ್ಕೆ 80ರಿಂದ 100 ಮಿಲಿಲೀಟರ್ ಹೋದರೆ, ನೀಲಿಯ 22 ಗೇಜ್‌ನಲ್ಲಿ ಹೋಗುವುದು 35ರ ಆಸುಪಾಸು. ಅದೇ ವಾರ್ಡಿನಲ್ಲಿ ಮೂತ್ರದ ಕ್ಯಾಥಿಟರ್‌ಗೆ ಬಳಸುವ 'ಫ್ರೆಂಚ್' ಅಳತೆ ತದ್ವಿರುದ್ಧ. ಷಾರಿಯೇ ಎಂಬ ಪ್ಯಾರಿಸ್ಸಿನ ಉಪಕರಣ ತಯಾರಕ ರೂಪಿಸಿದ ಅದರಲ್ಲಿ, ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು ಮೂರರಿಂದ ಗುಣಿಸಿದರೆ ಸಂಖ್ಯೆ ಸಿಗುತ್ತದೆ. ಸಂಖ್ಯೆ ದೊಡ್ಡದಾದಂತೆ ಕೊಳವೆಯೂ ದೊಡ್ಡದು. ಸೂಜಿಗಳಿಗೆ ಬಣ್ಣ ಹಚ್ಚಿರುವುದು ಎಷ್ಟು ವಿವೇಕದ ಕೆಲಸ ಎಂಬುದು ಈಗ ಅರಿವಾಗುತ್ತದೆ.

ಪ್ಲಾಸ್ಟಿಕ್ ಹಾಳೆಯವರು ಇನ್ನೊಂದು ದಾರಿ ಹಿಡಿದರು. ಅವರ 100 ಗೇಜ್ ಎಂದರೆ ಅಂಗುಲದ ಸಾವಿರದ ಒಂದು ಭಾಗ, 25.4 ಮೈಕ್ರಾನ್. 200 ಗೇಜ್ ಅದರ ಎರಡರಷ್ಟು ದಪ್ಪ. 2022ರ ಕೊನೆಯಿಂದ ದೇಶದಲ್ಲಿ ಕೈಚೀಲಕ್ಕೆ ಕನಿಷ್ಠ 120 ಮೈಕ್ರಾನ್ ಇರಬೇಕೆಂಬ ನಿಯಮವಿದೆ. ವ್ಯಾಪಾರಿಯ ಭಾಷೆಯಲ್ಲಿ ಅದು ಸುಮಾರು 470 ಗೇಜ್. ತಗಡಿನ ಲೆಕ್ಕದಲ್ಲಿ ಸಣ್ಣ ಸಂಖ್ಯೆ ದಪ್ಪ, ಪ್ಲಾಸ್ಟಿಕ್ಕಿನಲ್ಲಿ ದೊಡ್ಡ ಸಂಖ್ಯೆ ದಪ್ಪ. ಎರಡನ್ನೂ ಮಾರುವ ಅಂಗಡಿಯವರು ತಪ್ಪುವುದಿಲ್ಲ ಎಂಬುದೇ ಆಶ್ಚರ್ಯ. ಕೋವಿಯ ಗೇಜ್ ಇನ್ನೂ ವಿಚಿತ್ರ. ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮ ಗುಂಡು ಮಾಡಿದರೆ ಒಂದೊಂದರ ವ್ಯಾಸ 18.5 ಮಿಲಿಮೀಟರ್, ಆ ಗುಂಡು ಹಿಡಿಸುವ ನಳಿಗೆ '12 ಗೇಜ್'. ಇಲ್ಲಿ ಗೇಜ್ ಎಂದರೆ ಎಣಿಕೆ.

ಸೊನ್ನೆ ಎಲ್ಲಿದೆ?

ಅಳೆಯುವ ಉಪಕರಣ ಎಂಬ ಅರ್ಥದಲ್ಲಿ ಗೇಜ್ ಕನ್ನಡದಲ್ಲಿ ಸುಲಭವಾಗಿ 'ಮಾಪಕ' ಆಗುತ್ತದೆ. ಮಳೆಮಾಪಕ ಈಗ ರೈತನ ಜೇಬಿಗೇ ಸಂಬಂಧಿಸಿದ ವಸ್ತು. ಅಡಿಕೆ, ಮೆಣಸಿನಂಥ ಬೆಳೆಗಳ ಹವಾಮಾನ ಆಧಾರಿತ ವಿಮೆಯ ಹಣ ಬರುವುದೂ ಬಾರದಿರುವುದೂ ಗ್ರಾಮ ಪಂಚಾಯಿತಿಯ ಮಳೆಮಾಪಕ ಕಳಿಸುವ ಅಂಕಿಯ ಮೇಲೆ ನಿಂತಿದೆ. ಕಿರಾಣಿ ಅಂಗಡಿಯ ವಿದ್ಯುನ್ಮಾನ ತಕ್ಕಡಿಯ ಒಳಗಿರುವುದು 'ಸ್ಟ್ರೇನ್ ಗೇಜ್', 1938ರಲ್ಲಿ ಅಮೆರಿಕದ ಸಿಮನ್ಸ್ ಮತ್ತು ರೂಗೆ ಪ್ರತ್ಯೇಕವಾಗಿ ಕಂಡುಹಿಡಿದದ್ದು. ಸೆಳೆತಕ್ಕೆ ಸಿಕ್ಕ ತಂತಿಯ ವಿದ್ಯುತ್ ರೋಧ ಬದಲಾಗುವುದನ್ನು ಅದು ತೂಕವಾಗಿ ತೋರಿಸುತ್ತದೆ.

ಒತ್ತಡದ ವಿಷಯಕ್ಕೆ ಬಂದರೆ ಮಾತ್ರ ಎಚ್ಚರ ಬೇಕು. 1849ರಲ್ಲಿ ಫ್ರಾನ್ಸಿನ ಬೂರ್ದೋಂ ಪೇಟೆಂಟ್ ಪಡೆದ ಬಾಗಿದ ಕೊಳವೆಯ ಮಾಪಕ ತೋರಿಸುವುದು ಹೊರಗಿನ ವಾಯುಮಂಡಲದ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು. ಇದೇ 'ಗೇಜ್ ಒತ್ತಡ'. ಟಯರ್ ಪೂರ್ತಿ ಚಪ್ಪಟೆಯಾದರೆ ಮುಳ್ಳು ಸೊನ್ನೆ ತೋರಿಸುತ್ತದೆ, ಆದರೆ ಒಳಗೆ ವಾಯುಮಂಡಲದಷ್ಟು, 14.7 ಪೌಂಡಿನ ಒತ್ತಡ ಇದ್ದೇ ಇದೆ. 27 ಡಿಗ್ರಿಯಲ್ಲಿ 32 ಪೌಂಡ್ ತುಂಬಿದ ಟಯರ್ ಹೆದ್ದಾರಿಯಲ್ಲಿ ಓಡಿ 57 ಡಿಗ್ರಿಗೆ ಬಿಸಿಯಾದರೆ ಮುಳ್ಳು ಎಷ್ಟು ತೋರಿಸೀತು? 32ನ್ನೇ 330/300ರಿಂದ ಗುಣಿಸಿದರೆ 35.2 ಬರುತ್ತದೆ, ಇದು ತಪ್ಪು. 46.7ರಿಂದ ಆರಂಭಿಸಿ 51.4 ಪಡೆದು, ಮತ್ತೆ 14.7 ಕಳೆದರೆ 36.7 ಎಂಬ ಸರಿ ಉತ್ತರ ಸಿಗುತ್ತದೆ. ಸೊನ್ನೆಯನ್ನು ನಮ್ಮ ಅನುಕೂಲಕ್ಕೆ ತಕ್ಕ ಜಾಗದಲ್ಲಿ ಇಟ್ಟುಕೊಳ್ಳಬಹುದು, ಆದರೆ ಎಲ್ಲಿಟ್ಟೆವೆಂಬುದನ್ನು ಮರೆಯುವಂತಿಲ್ಲ.

ಭೌತವಿಜ್ಞಾನದ ಗೇಜ್ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಇಲ್ಲ. 1918ರಲ್ಲಿ ಜ್ಯೂರಿಕ್‌ನಲ್ಲಿದ್ದ ಗಣಿತಜ್ಞ ಹರ್ಮನ್ ವೈಲ್, ಗುರುತ್ವ ಮತ್ತು ವಿದ್ಯುತ್ಕಾಂತತೆಗಳನ್ನು ಒಂದೇ ಜ್ಯಾಮಿತಿಯಲ್ಲಿ ಹಿಡಿದಿಡಲು ಹೊರಟ. ಉದ್ದದ ಮಾನವನ್ನು ದೇಶದ ಒಂದೊಂದು ಬಿಂದುವಿನಲ್ಲೂ ಸ್ವತಂತ್ರವಾಗಿ ಆರಿಸಿಕೊಳ್ಳುವ ಹಕ್ಕಿರಬೇಕು ಎಂಬುದು ಅವನ ವಿಚಾರ. ಇದಕ್ಕೆ ಅವನು ಬಳಸಿದ ಜರ್ಮನ್ ಪದ 'ಐಶುಂಗ್'. ಅದರ ಅರ್ಥ, ನಮ್ಮ ಕಾನೂನು ಮಾಪನ ಇಲಾಖೆಯವರು ಅಂಗಡಿಯ ತೂಕದ ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸ! ಇಂಗ್ಲಿಷಿನವರು ಅದನ್ನು 'ಗೇಜ್' ಎಂದರು.

ಒಂದು ಉದಾಹರಣೆ ನೋಡೋಣ. ಹಿಂದೆ ನಮ್ಮಲ್ಲಿ ಸೇರು, ಕೊಳಗಗಳ ಗಾತ್ರ ಊರಿಂದೂರಿಗೆ ಬೇರೆಯಾಗಿತ್ತು. ಪ್ರತಿ ಊರಿಗೂ ತನ್ನ ಸೇರನ್ನು ತಾನೇ ನಿಗದಿ ಮಾಡುವ ಸ್ವಾತಂತ್ರ್ಯವಿದ್ದರೆ, ಊರಿಂದ ಊರಿಗೆ ಹೋಗುವ ವ್ಯಾಪಾರಿ ಪಕ್ಕದೂರಿನ ಸೇರಿಗೂ ಇಲ್ಲಿನ ಸೇರಿಗೂ ಇರುವ ಸಂಬಂಧದ ಪಟ್ಟಿಯನ್ನು ಜೊತೆಗಿಟ್ಟುಕೊಳ್ಳಬೇಕು. ಯಾವುದೋ ಊರಿನವರು ಸೇರನ್ನು ಬದಲಿಸಿದರೆ ಪಟ್ಟಿಯನ್ನೂ ಅದಕ್ಕೆ ಸರಿಯಾಗಿ ತಿದ್ದಿದರಾಯಿತು. ಅಕ್ಕಿ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಈಗ ವ್ಯಾಪಾರಿ ನಾಲ್ಕು ಊರು ಸುತ್ತಿ ಹೊರಟಲ್ಲಿಗೇ ಬಂದಾಗ, ಪಟ್ಟಿಗಳ ಪ್ರಕಾರ ಅವನ ಒಂದು ಸೇರು ಒಂದು ಸೇರಾಗಿಯೇ ಉಳಿಯದೆ ಹೋದರೆ? ಆ ವ್ಯತ್ಯಾಸ ಯಾವ ಊರಿನ ಸೇರನ್ನು ತಿದ್ದಿದರೂ ಹೋಗದು. ಅದು ನಿಜವಾದದ್ದು. ವೈಲ್ ಹೇಳಿದ್ದು, ಆ ಪಟ್ಟಿಯೇ ವಿದ್ಯುತ್ಕಾಂತ ವಿಭವ, ಸುತ್ತಿ ಬಂದಾಗ ಉಳಿಯುವ ವ್ಯತ್ಯಾಸವೇ ವಿದ್ಯುತ್ಕಾಂತ ಕ್ಷೇತ್ರ ಎಂದು.

ಐನ್‌ಸ್ಟೈನ್ ಇದನ್ನು ಮೆಚ್ಚಿದ, ಮತ್ತು ಮುರಿದ. ಉದ್ದ ಹಾಗೂ ಕಾಲದ ಅಳತೆ ಸಾಗಿಬಂದ ದಾರಿಯನ್ನು ಅವಲಂಬಿಸುವುದಾದರೆ, ಪರಮಾಣು ಹೊಮ್ಮಿಸುವ ಬೆಳಕಿನ ತರಂಗದೂರವೂ ಆ ಪರಮಾಣುವಿನ ಪೂರ್ವಚರಿತ್ರೆಯನ್ನು ಅವಲಂಬಿಸಬೇಕಾಗುತ್ತದೆ ಎಂದು ಅವನ ಆಕ್ಷೇಪ. ನಮ್ಮ ಯಾವುದೇ ಕಾಲೇಜಿನ ಸೋಡಿಯಂ ದೀಪ ಹೊತ್ತಿಸಿ, 589.0 ಮತ್ತು 589.6 ನ್ಯಾನೊಮೀಟರಿನ ಅವೇ ಎರಡು ಹಳದಿ ರೇಖೆಗಳು. ಈ ಆಕ್ಷೇಪ ವೈಲ್‌ನ ಪ್ರಬಂಧದ ಜೊತೆಯಲ್ಲೇ ಅಚ್ಚಾಯಿತು.

ಸಿದ್ಧಾಂತ ಬಿತ್ತು, ಗಣಿತ ಉಳಿಯಿತು. ಕ್ವಾಂಟಮ್ ಸಿದ್ಧಾಂತ ಬಂದ ಮೇಲೆ ಫೋಕ್, ಲಂಡನ್ ಮೊದಲಾದವರು ಅದನ್ನು ಬೇರೆ ಬೆಳಕಿನಲ್ಲಿ ಕಂಡರು, 1929ರಲ್ಲಿ ವೈಲ್ ತಾನೇ ಅದಕ್ಕೆ ಹೊಸ ರೂಪ ಕೊಟ್ಟ. ಬಿಂದುವಿನಿಂದ ಬಿಂದುವಿಗೆ ಸ್ವತಂತ್ರವಾಗಿ ಆರಿಸಬಹುದಾದದ್ದು ಉದ್ದವಲ್ಲ, ಎಲೆಕ್ಟ್ರಾನ್ ತರಂಗದ ಪ್ರಾವಸ್ಥೆ. 1954ರಲ್ಲಿ ಯಾಂಗ್ ಮತ್ತು ಮಿಲ್ಸ್ ಈ ತತ್ತ್ವವನ್ನು ವಿಸ್ತರಿಸಿದರು. ವೈನ್‌ಬರ್ಗ್ (1967) ಮತ್ತು ಸಲಾಂ (1968) ಅದರ ನೆರವಿನಿಂದ ವಿದ್ಯುತ್ಕಾಂತ ಬಲವನ್ನೂ ಕ್ಷೀಣ ಬಲವನ್ನೂ ಒಂದುಗೂಡಿಸಿದರು. ಆ ಸಿದ್ಧಾಂತ ಹೇಳಿದ್ದ ಡಬ್ಲ್ಯು ಮತ್ತು ಝಡ್ ಕಣಗಳು 1983ರಲ್ಲಿ ಸರ್ನ್‌ನಲ್ಲಿ ಸಿಕ್ಕವು, ಹಿಗ್ಸ್ ಕಣ 2012ರಲ್ಲಿ. ಇಷ್ಟೆಲ್ಲ ಆಗುವಾಗ ಅಳತೆಗೋಲು ಎಂಬ ಮೂಲ ಅರ್ಥ ಪೂರ್ತಿ ಮಾಯವಾಗಿತ್ತು. ಹೆಸರು ಮಾತ್ರ 1918ರ ಸೋತ ಸಿದ್ಧಾಂತದ್ದು.

ಇಲ್ಲಿ ನಮ್ಮ ಅನುವಾದಕರಿಗೆ ಕಾದಿರುವ ಗುಂಡಿಯನ್ನು ಗಮನಿಸಿ. ಭೌತವಿಜ್ಞಾನಿಗಳು ಪ್ರಾವಸ್ಥೆಯ ಆಯ್ಕೆಯನ್ನು ಬದಲಿಸುವುದಕ್ಕೂ ಕನ್ನಡದಲ್ಲಿ ಬರೆಯುವವರ ಲೇಖನಿಗೆ ಬರುವ ಪದ 'ಗೇಜ್ ಪರಿವರ್ತನೆ'. ರೈಲ್ವೆಯ ಗೇಜ್ ಪರಿವರ್ತನೆಯಲ್ಲಿ ಹಳಿ, ಸೇತುವೆ, ಇಂಜಿನ್, ಬೋಗಿ ಎಲ್ಲ ಬದಲಾಗಿ ಕೋಟಿಗಟ್ಟಲೆ ಖರ್ಚಾಗುತ್ತದೆ, ಹನ್ನೊಂದು ವರ್ಷ ರೈಲು ನಿಲ್ಲುತ್ತದೆ. ಭೌತವಿಜ್ಞಾನದ ಗೇಜ್ ಪರಿವರ್ತನೆಯಲ್ಲಿ ಅಳೆಯಬಹುದಾದ ಒಂದೇ ಒಂದು ಸಂಗತಿಯೂ ಬದಲಾಗುವುದಿಲ್ಲ; ಬದಲಾಗದಿರುವುದೇ ಅದರ ತಿರುಳು.

ಇತರ ಭಾಷೆಗಳು ಈ ತೊಡಕನ್ನು ತಂದುಕೊಂಡಿಲ್ಲ. ಜರ್ಮನರಿಗೆ ರೈಲಿನದು 'ಷ್ಪುರ್‌ವೈಟೆ', ಅಂದರೆ ಜಾಡಿನ ಅಗಲ, ವೈಲ್‌ನದು ಐಶುಂಗ್. ಫ್ರೆಂಚರಿಗೆ ರೈಲಿನದು 'ಎಕಾರ್ತ್‌ಮಾಂ', ಅಂದರೆ ನಡುವಿನ ಅಂತರ, ಭೌತವಿಜ್ಞಾನದ್ದು 'ಜೋಜ್'. ಆದ್ದರಿಂದ ನಾವೂ ಪದಕೋಶದಲ್ಲಿ ಒಂದೇ ಸಾಲಿಗೆ ತೃಪ್ತರಾಗಬೇಕಿಲ್ಲ. ಉಪಕರಣಕ್ಕೆ 'ಮಾಪಕ' ಚೆನ್ನಾಗಿದೆ. ರೈಲಿಗೆ 'ಹಳಿಯಗಲ' ಎನ್ನಬಹುದು, ಆದರೆ ಜನರ ಬಾಯಲ್ಲಿ ಬ್ರಾಡ್‌ಗೇಜ್ ಗಟ್ಟಿಯಾಗಿ ಕುಳಿತಿರುವುದರಿಂದ ಅದನ್ನು ಎಬ್ಬಿಸುವ ಅಗತ್ಯ ನನಗೆ ಕಾಣುವುದಿಲ್ಲ. ತಂತಿ, ಸೂಜಿಗಳಿಗೆ ಗೇಜ್ ಸಂಖ್ಯೆಯ ಪಕ್ಕದಲ್ಲಿ ಮಿಲಿಮೀಟರನ್ನು ಕಡ್ಡಾಯವಾಗಿ ಬರೆಯುವುದು ಯಾವ ಅನುವಾದಕ್ಕಿಂತಲೂ ಹೆಚ್ಚು ಉಪಕಾರಿ. ಗೇಜ್ ಒತ್ತಡಕ್ಕೆ 'ವಾಯುಮಂಡಲದ ಮೇಲಿನ ಒತ್ತಡ' ಎಂದು ಬಿಡಿಸಿ ಹೇಳಿದರೆ ವಿದ್ಯಾರ್ಥಿ 14.7ನ್ನು ಕೂಡಿಸಲು ಮರೆಯಲಾರ. ಇನ್ನು 'ಗೇಜ್ ಸಿದ್ಧಾಂತ'ವನ್ನು 'ಮಾಪಕ ಸಿದ್ಧಾಂತ' ಎಂದು ಮಾಡಿದರೆ, ಅದರಲ್ಲಿ ಇಲ್ಲದ ಅಳತೆಗೋಲನ್ನು ಓದುಗ ಹುಡುಕತೊಡಗುತ್ತಾನೆ. ಅದು ಗೇಜ್ ಆಗಿಯೇ ಉಳಿಯಲಿ, ಜೊತೆಗೆ ಎರಡು ಸಾಲು ವಿವರಣೆ ಇರಲಿ. 'ಗೇಜ್ ಪರಿವರ್ತನೆ'ಯನ್ನು ರೈಲ್ವೆಗೆ ಬಿಟ್ಟುಕೊಟ್ಟು, ಭೌತವಿಜ್ಞಾನದ್ದನ್ನು 'ಗೇಜ್ ರೂಪಾಂತರ' ಎಂದು ಬೇರೆ ಸಾಲಿನಲ್ಲಿ ದಾಖಲಿಸಬಹುದು.